ಕ್ಲಾಟ್‌ಗೆ 26 ವಾರದ ಟೈಮ್‌ಟೇಬಲ್ ಹಾಕಿದೆ, ಒಂಬತ್ತನೇ ದಿನಕ್ಕೇ ಮುರಿದುಬಿತ್ತು. ಈಗ ಏನ್ ಮಾಡೋದು?

ಮೇಜಿನಡಿ_ಬೆಕ್ಕು:
ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯು ಕಾಮರ್ಸ್. ಡಿಸೆಂಬರ್‌ನಲ್ಲಿ ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ, ಅಂದರೆ ಎನ್‌ಎಲ್‌ಯುಗಳ ಪ್ರವೇಶ ಪರೀಕ್ಷೆ) ಬರೆಯಬೇಕು ಅಂತ ಜೂನ್ ಮೊದಲ ವಾರವೇ ಶುರು ಮಾಡಿದೆ. ಲೆಕ್ಕ ಹಾಕಿದರೆ ಕೈಯಲ್ಲಿ 26 ವಾರ ಇತ್ತು. ದೊಡ್ಡ ಹಾಳೆ ತಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ 4:30ಕ್ಕೆ ಏಳೋದು, ಕಾಲೇಜಿಗೆ ಹೊರಡೋವರೆಗೆ ಇಂಗ್ಲಿಷ್ ಮತ್ತು ಲಾಜಿಕ್. ಸಂಜೆ ಬಂದ ತಕ್ಷಣ ಲೀಗಲ್, ಆಮೇಲೆ ಜಿಕೆ, ಆಮೇಲೆ ಗಣಿತ. ರಾತ್ರಿ 11ಕ್ಕೆ ಮಲಗೋದು.

ಎಂಟು ದಿನ ನಡೆಯಿತು. ಒಂಬತ್ತನೇ ದಿನ ಕಾಲೇಜಿನಲ್ಲಿ ಅಕೌಂಟೆನ್ಸಿ ಟೆಸ್ಟ್, ಜೊತೆಗೆ ನೆಗಡಿ. ಎರಡು ದಿನ ಏನೂ ಓದಲಿಲ್ಲ. ಆ ಎರಡು ದಿನದ ಬಾಕಿಯನ್ನು ಮುಂದಿನ ವಾರಕ್ಕೆ ಸೇರಿಸಿದೆ. ಅದೂ ಆಗಲಿಲ್ಲ. ಈಗ ಬಾಕಿ ಎಷ್ಟಿದೆ ಅಂದರೆ ಗೋಡೆ ಕಡೆ ನೋಡೋಕೇ ಬೇಜಾರು.

ದಿನಕ್ಕೆ ಎಷ್ಟು ಗಂಟೆ ಓದಬೇಕು? ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಯಾವಾಗಿಂದ ಶುರು ಮಾಡಬೇಕು? ಸಿಲಬಸ್ ಮುಗಿದ ಮೇಲಾ? ಕೋಚಿಂಗ್‌ಗೆ ಸೇರಿಲ್ಲ, ಸೇರೋ ಹಾಗೂ ಇಲ್ಲ.

ಎರಡನೇ_ಸಲ:
ಮೊದಲು ಆ ಹಾಳೆ ಕಿತ್ತು ಹಾಕಿ. ತಮಾಷೆ ಅಲ್ಲ, ನಿಜವಾಗಿಯೂ.

ನಾನು ಮೊದಲ ಸಲ ಬರೆದಾಗ ನನ್ನದೂ ಇಂಥದ್ದೇ ಒಂದು ಹಾಳೆ ಇತ್ತು. ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಬರೆದಿದ್ದೆ. ಇಂಗ್ಲಿಷ್‌ಗೆ ನೀಲಿ, ಲೀಗಲ್‌ಗೆ ಕೆಂಪು, ಹೀಗೆ. ಆರು ತಿಂಗಳಲ್ಲಿ ಪೂರ್ತಿ ಎರಡು ಗಂಟೆ ಕೂತು ಬರೆದ ಮಾಕ್ ಎಷ್ಟು ಗೊತ್ತಾ? ನಾಲ್ಕು. ಪರೀಕ್ಷೆ ದಿನ ಕೊನೆಯ 19 ಪ್ರಶ್ನೆ ಓದೋಕೂ ಟೈಮ್ ಸಿಗಲಿಲ್ಲ. ಎರಡನೇ ಸಲ ಹಾಳೆ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ. ಈಗ ಲಾ ಓದುತ್ತಿದ್ದೇನೆ, ಅಷ್ಟು ಸಾಕು.

ನೀವು ವಿಷಯ ನೋಡಿ ಗಂಟೆ ಹಂಚಿದ್ದೀರಿ. ಆದರೆ ಕ್ಲಾಟ್ ವಿಷಯಗಳ ಪರೀಕ್ಷೆ ಅನ್ನೋದಕ್ಕಿಂತ ಓದುವ ಪರೀಕ್ಷೆ. 2020ರಿಂದ ಪೂರ್ತಿ ಪ್ಯಾಸೇಜ್ ಮಾದರಿ. ಈಗ ಎರಡು ಗಂಟೆಗೆ 120 ಪ್ರಶ್ನೆ. ಒಂದು ಪ್ಯಾಸೇಜ್ ಸುಮಾರು 450 ಪದ, ಅದರ ಕೆಳಗೆ ಕೆಲವು ಪ್ರಶ್ನೆ. ಇಂಗ್ಲಿಷ್ 22ರಿಂದ 26, ಜಿಕೆ ಮತ್ತು ಪ್ರಚಲಿತ 28ರಿಂದ 32, ಲೀಗಲ್ 28ರಿಂದ 32, ಲಾಜಿಕಲ್ 22ರಿಂದ 26, ಗಣಿತ 10ರಿಂದ 14. ನಿಮ್ಮ ಹಾಳೆಯಲ್ಲಿ ಗಣಿತಕ್ಕೂ ಲೀಗಲ್‌ಗೂ ಹೆಚ್ಚುಕಡಿಮೆ ಒಂದೇ ಜಾಗ ಇರಬೇಕು, ಅಲ್ವಾ?

ಈ ಭಾನುವಾರ ಹಳೆಯ ಒಂದು ಪ್ರಶ್ನೆಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಬರೆಯಿರಿ. ಈ ಪರೀಕ್ಷೆ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟ, ಅಂದರೆ ಕನ್ಸಾರ್ಷಿಯಂ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಏನೂ ಓದಿಲ್ಲ ಅಂತ ನೆಪ ಹೇಳಬೇಡಿ. ಓದಿಲ್ಲದಿದ್ದಾಗ ಎಷ್ಟು ಬರುತ್ತದೆ ಅನ್ನೋದೇ ಬೇಕಾಗಿರೋದು. ಟೈಮ್‌ಟೇಬಲ್ ಆಮೇಲೆ ಮಾಡೋಣ.

ಡ್ರಾಪ್_ತಗೊಂಡವ:
ದಿನಕ್ಕೆ 10 ಗಂಟೆ ಇಲ್ಲದೆ ಟಾಪ್ ಎನ್‌ಎಲ್‌ಯು ಆಸೆ ಬಿಟ್ಟುಬಿಡಿ. ಕಾಲೇಜಿಗೆ ಅಟೆಂಡೆನ್ಸ್‌ಗೆ ಬೇಕಾದಷ್ಟು ಮಾತ್ರ ಹೋಗಿ. ನಾನು ಒಂದು ವರ್ಷ ಪೂರ್ತಿ ಇದಕ್ಕೇ ಕೂತಿದ್ದೇನೆ.

ಮಗನ_ಅಕೌಂಟಿಂದ:
ನಾನು ಮಗನ ಅಕೌಂಟಿಂದ ಬರೆಯುತ್ತಿದ್ದೇನೆ, ಅವನಿಗೂ ಗೊತ್ತು. ಅವನು ಕಳೆದ ವರ್ಷ ಬರೆದ. ಕಾಲೇಜು ಬಿಡೋ ಮಾತು ದಯವಿಟ್ಟು ಹೇಳಬೇಡಿ. ಡಿಸೆಂಬರ್ ಮುಗಿದ ಮೇಲೆ ಪಿಯು ಪರೀಕ್ಷೆ ಇದ್ದೇ ಇದೆ. ಕ್ಲಾಟ್‌ನಲ್ಲಿ ಸೀಟು ಸಿಕ್ಕರೂ ಪಿಯುನಲ್ಲಿ ಜನರಲ್‌ನವರಿಗೆ 45 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿಗೆ 40. ಸಿಗದಿದ್ದರೆ ನಮ್ಮ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯು ಅಂಕವನ್ನೇ ನೋಡೋದು.

ಇನ್ನೊಂದು ಮಾತು ಪುಟ್ಟಾ. ರಾತ್ರಿ 11ಕ್ಕೆ ಮಲಗಿ 4:30ಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. ನನ್ನ ಮಗ ಎರಡು ತಿಂಗಳು ಹೀಗೇ ಮಾಡಿದ. ಬೆಳಿಗ್ಗೆ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಿದ್ದ, ಅರ್ಧ ಗಂಟೆ ಆದರೂ ಪುಟ ತಿರುಗುತ್ತಿರಲಿಲ್ಲ. ಓದುತ್ತಿದ್ದಾನೆ ಅಂತ ನಾವು ಖುಷಿಯಾಗಿದ್ದೆವು.

ಲೆಕ್ಕದ_ಮೇಷ್ಟ್ರು:
ಗಂಟೆಯ ಜಗಳ ಬಿಡಿ, ನಿಮಿಷದ ಲೆಕ್ಕ ಮಾಡೋಣ. ಪತ್ರಿಕೆಯಲ್ಲಿ ಸುಮಾರು 20 ಉದ್ದ ಪ್ಯಾಸೇಜ್ ಅಂತ ಇಟ್ಟುಕೊಳ್ಳಿ. 450 ಪದದಂತೆ ಒಟ್ಟು 9,000 ಪದ. ಒಬ್ಬರು ನಿಮಿಷಕ್ಕೆ 150 ಪದ ಓದುತ್ತಾರೆ ಅಂದರೆ ಪ್ಯಾಸೇಜ್ ಓದೋಕೇ 60 ನಿಮಿಷ. ಉಳಿದ 60 ನಿಮಿಷದಲ್ಲಿ 120 ಪ್ರಶ್ನೆ, ಅಂದರೆ ಪ್ರಶ್ನೆಗೆ 30 ಸೆಕೆಂಡ್. ಇನ್ನೊಬ್ಬರು ನಿಮಿಷಕ್ಕೆ 250 ಪದ ಓದುತ್ತಾರೆ. ಅವರಿಗೆ ಓದೋಕೆ 36 ನಿಮಿಷ ಸಾಕು. ಪ್ರಶ್ನೆಗೆ 42 ಸೆಕೆಂಡ್ ಸಿಗುತ್ತದೆ. ಇಬ್ಬರಿಗೂ ಗೊತ್ತಿರುವ ಕಾನೂನು, ಜಿಕೆ ಎಲ್ಲ ಒಂದೇ ಆದರೂ ಎರಡನೆಯವರಿಗೆ ಒಟ್ಟು 24 ನಿಮಿಷ ಲಾಭ.

ಆದ್ದರಿಂದ ಈಗಲೇ ಒಂದು ಸಂಪಾದಕೀಯ ತೆಗೆದು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಓದಿ. ಪದ ಎಣಿಸಿ, ನಿಮಿಷದಿಂದ ಭಾಗಿಸಿ. ಬಂದ ಸಂಖ್ಯೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅರ್ಥ ಆಗದೆ ಓಡಿಸೋದು ವೇಗ ಅಲ್ಲ. ಓದಿ ಮುಗಿಸಿದ ಮೇಲೆ ಲೇಖಕ ಏನು ಹೇಳಿದ ಅಂತ ಒಂದು ಸಾಲು ಬರೆಯೋಕೆ ಬರಬೇಕು.

ಕನ್ನಡ_ಮೀಡಿಯಂ:
ಮೇಷ್ಟ್ರೇ, ನಿಮ್ಮ 150 ಪದ ಓದಿ ನಗು ಬಂತು. ನನ್ನದು ಶುರುವಿನಲ್ಲಿ 90 ಇತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪ್ರಶ್ನೆಪತ್ರಿಕೆ ಬರೋದು ಇಂಗ್ಲಿಷ್‌ನಲ್ಲಿ ಮಾತ್ರ. ನಮ್ಮಂಥವರಿಗೆ 26 ವಾರ ಅನ್ನೋದು ಬೇರೆಯವರ 16 ವಾರ ಇದ್ದ ಹಾಗೆ.

ನಾನು ಮಾಡಿದ್ದು ಹೇಳುತ್ತೇನೆ. ಬೆಳಿಗ್ಗೆ ಪ್ರಜಾವಾಣಿಯಲ್ಲಿ ಒಂದು ಸುದ್ದಿ ಪೂರ್ತಿ ಓದುತ್ತಿದ್ದೆ. ಅದೇ ಸುದ್ದಿಯನ್ನು ಡೆಕ್ಕನ್ ಹೆರಾಲ್ಡ್‌ನಲ್ಲಿ ಹುಡುಕಿ ಓದುತ್ತಿದ್ದೆ. ವಿಷಯ ಆಗಲೇ ತಲೆಯಲ್ಲಿ ಇರುತ್ತದಲ್ಲ, ಇಂಗ್ಲಿಷ್ ವಾಕ್ಯ ಹೆದರಿಸೋದಿಲ್ಲ. ಎರಡು ತಿಂಗಳಾದ ಮೇಲೆ ಕನ್ನಡದ್ದು ಬಿಟ್ಟು ನೇರ ಇಂಗ್ಲಿಷ್ ಸಂಪಾದಕೀಯಕ್ಕೆ ಹೋದೆ.

ಮೊದಲು ದಿನಕ್ಕೆ 20 ಕಷ್ಟದ ಪದ ಬಾಯಿಪಾಠ ಮಾಡುತ್ತಿದ್ದೆ. ಸುಮ್ನೆ ಟೈಮ್ ವೇಸ್ಟ್. ನನ್ನನ್ನು ಬೀಳಿಸುತ್ತಿದ್ದದ್ದು ದೊಡ್ಡ ಪದಗಳಲ್ಲ, ಸಣ್ಣ ಪದಗಳು. ‘ಪ್ರೊವೈಡೆಡ್ ದಟ್’ ಅಂತ ಬಂದರೆ ಏನನ್ನೋ ಒದಗಿಸಿದ್ದಾರೆ ಅಂದುಕೊಳ್ಳುತ್ತಿದ್ದೆ. ಅದು ‘ಈ ಷರತ್ತಿನ ಮೇಲೆ’ ಅಂತ ತಿಳಿಯೋಕೆ ಮೂರು ಮಾಕ್ ಬೇಕಾಯಿತು! ‘ಅನ್‌ಲೆಸ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ‘ಸಬ್ಜೆಕ್ಟ್ ಟು’ ಎಲ್ಲ ಇದೇ ಜಾತಿ. ಲೀಗಲ್ ಪ್ಯಾಸೇಜ್‌ನ ಕುತ್ತಿಗೆ ಇರೋದು ಇಂಥ ಪದಗಳಲ್ಲೇ. ಒಂದು ಪುಟದಲ್ಲಿ ಹಿಡಿಯುವಷ್ಟು ಇವೆ. ಬರೆದುಕೊಳ್ಳಿ.

ಮೇಜಿನಡಿ_ಬೆಕ್ಕು:
ಅಯ್ಯೋ, ನಾನು ದಿನಕ್ಕೆ 30 ಪದದ ಪಟ್ಟಿ ಮಾಡಿದ್ದೆ! ಸಂಪಾದಕೀಯ ಓದಿ ಅಳೆದೆ, ನಿಮಿಷಕ್ಕೆ 135. ಭಾನುವಾರ ಪತ್ರಿಕೆ ಬರೆದು ಬರುತ್ತೇನೆ.

ಅಣ್ಣ ಓದಿದ ಹಳೆ ಗೈಡ್‌ಗಳು ಮನೆಯಲ್ಲಿವೆ, 2018ರವು. ನಡೆಯುತ್ತಾ?

ಎರಡನೇ_ಸಲ:
ನಡೆಯಲ್ಲ. ಆಗ 200 ಪ್ರಶ್ನೆ, ಹೆಚ್ಚಾಗಿ ಸಣ್ಣ ಸಣ್ಣವು. ಜ್ಞಾಪಕಶಕ್ತಿ ಇದ್ದರೆ ಆಗುತ್ತಿತ್ತು. ಇನ್ನೊಂದು ತೊಂದರೆ ಕೂಡ ಇದೆ. ಆ ಗೈಡ್‌ಗಳಲ್ಲಿ ಐಪಿಸಿ ಸೆಕ್ಷನ್ ನಂಬರ್ ತುಂಬಿರುತ್ತವೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರೂ ನಂಬರೂ ಎರಡೂ ಬದಲು. ಗಣಿತದ ಭಾಗ ಮಾತ್ರ ಇಟ್ಟುಕೊಳ್ಳಿ. ಪರ್ಸೆಂಟೇಜ್, ಅನುಪಾತ, ಸರಾಸರಿ ಯಾವ ವರ್ಷದ್ದಾದರೂ ಒಂದೇ.

ಡ್ರಾಪ್_ತಗೊಂಡವ:
ನೆಗೆಟಿವ್ ಮಾರ್ಕ್ ಬಗ್ಗೆ ಯಾರೂ ಹೇಳಲಿಲ್ಲ. ತಪ್ಪಿಗೆ 0.25 ಹೋಗುತ್ತದೆ. ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು.

ಲೆಕ್ಕದ_ಮೇಷ್ಟ್ರು:
ಇದು ಎಲ್ಲರೂ ಹೇಳುವ ಮಾತು, ಆದರೆ ಲೆಕ್ಕ ಹಾಗೆ ಹೇಳೋದಿಲ್ಲ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದಿರಿ ಅಂದುಕೊಳ್ಳಿ. ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಬಂತು, 0.75 ಹೋಯಿತು. ಆದರೂ 0.25 ಉಳಿಯಿತು. ನಾಲ್ಕರಲ್ಲಿ ಒಂದು ಉತ್ತರ ಖಂಡಿತ ಅಲ್ಲ ಅಂತ ತೆಗೆದು ಹಾಕಲು ಬಂದರೆ ಲಾಭ ಇನ್ನೂ ಜಾಸ್ತಿ. ಎರಡನ್ನು ತೆಗೆದರೆ ಬಿಡಲೇಬಾರದು.

ಡ್ರಾಪ್_ತಗೊಂಡವ:
ಸರಾಸರಿ ಅಂತ ನೀವು ಹೇಳುತ್ತೀರಿ. ನನಗೆ ಹೋದ ವರ್ಷ 11 ಗೆಸ್‌ನಲ್ಲಿ ಒಂದು ಸರಿ ಆಯಿತು.

ಲೆಕ್ಕದ_ಮೇಷ್ಟ್ರು:
ಹಾಗೂ ಆಗುತ್ತದೆ, ಒಪ್ಪಿದೆ. ಕಣ್ಣು ಮುಚ್ಚಿ ಹಾಕುವ ಲಾಭ ತೀರಾ ಸಣ್ಣದು, ಅದನ್ನು ನೆಚ್ಚಿಕೊಳ್ಳಬೇಡಿ. ನಾನು ಹೇಳೋದು ಎರಡರ ನಡುವೆ ಸಿಕ್ಕಿಕೊಂಡಾಗ ಹೆದರಿ ಬಿಡುವವರ ಬಗ್ಗೆ. ಮಾಕ್‌ನಲ್ಲಿ ಗೆಸ್ ಮಾಡಿದ ಪ್ರಶ್ನೆಗೆ ಪಕ್ಕದಲ್ಲಿ ಚುಕ್ಕೆ ಇಡಿ. ಹತ್ತು ಮಾಕ್ ಆದ ಮೇಲೆ ಚುಕ್ಕೆಗಳನ್ನು ಎಣಿಸಿದರೆ ನಿಮ್ಮ ಗೆಸ್ ನಂಬಬಹುದಾ ಅಂತ ನಿಮಗೇ ಗೊತ್ತಾಗುತ್ತದೆ.

ಮೇಜಿನಡಿ_ಬೆಕ್ಕು:
ಬರೆದೆ. ಕ್ಲಾಟ್ 2024ರ ಪತ್ರಿಕೆ, ಅಂದರೆ 2023ರ ಡಿಸೆಂಬರ್ 3ರಂದು ನಡೆದದ್ದು. (ಪರೀಕ್ಷೆ ನಡೆಯೋದು ಒಂದು ವರ್ಷ, ಹೆಸರು ಮುಂದಿನ ವರ್ಷದ್ದು. ಇದು ಅರ್ಥ ಆಗೋಕೇ ನನಗೆ ಒಂದು ದಿನ ಬೇಕಾಯಿತು.)

83 ಪ್ರಶ್ನೆ ಮುಟ್ಟಿದೆ. 52 ಸರಿ, 31 ತಪ್ಪು. 52ರಲ್ಲಿ 7.75 ಕಳೆದರೆ 44.25. ಅಳು ಬಂತು. 37 ಪ್ರಶ್ನೆ ನೋಡೇ ಇಲ್ಲ.

ಎರಡನೇ_ಸಲ:
ಏನೂ ಓದದೆ 44 ಅಂದರೆ ಅಳೋದಲ್ಲ. ಈಗ ನೋಟ್‌ಬುಕ್ ವಿಷಯ ಹೇಳುತ್ತೇನೆ.

ತಪ್ಪಾದ 31 ಪ್ರಶ್ನೆಗಳನ್ನು ಒಂದೊಂದಾಗಿ ತೆಗೆಯಿರಿ. ಸರಿ ಉತ್ತರ ನೋಡೋ ಮೊದಲು ಮತ್ತೊಮ್ಮೆ, ಗಡಿಯಾರ ಇಲ್ಲದೆ ಮಾಡಿ. ಆಮೇಲೆ ಯಾಕೆ ತಪ್ಪಾಯಿತು ಅಂತ ಬರೆಯಿರಿ. ‘ಸಿಲ್ಲಿ ಮಿಸ್ಟೇಕ್’ ಅಂತ ಬರೆಯುವ ಹಾಗಿಲ್ಲ, ಅದು ಕಾರಣವೇ ಅಲ್ಲ. ಗೊತ್ತೇ ಇರಲಿಲ್ಲವಾ? ಪ್ಯಾಸೇಜ್ ತಪ್ಪಾಗಿ ಓದಿದಿರಾ? ಎರಡರ ನಡುವೆ ಒದ್ದಾಡಿ ತಪ್ಪಿನ ಕಡೆಗೆ ಹೋದಿರಾ? ಕೊನೆಯಲ್ಲಿ ಗಡಿಬಿಡಿಯಾ? ಇದಕ್ಕೆ ಮೂರು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಮಾಕ್ ಎರಡು ಗಂಟೆ, ಅದನ್ನು ಬಿಡಿಸಿ ನೋಡೋದು ಮೂರು ಗಂಟೆ. ಮೊದಲ ಸಲ ನಾನು ತಪ್ಪಿಸಿಕೊಂಡದ್ದು ಇದೇ ಕೆಲಸವನ್ನು.

ಮೇಜಿನಡಿ_ಬೆಕ್ಕು:
ಮೂರೂವರೆ ಗಂಟೆ ಆಯಿತು. ಗೊತ್ತೇ ಇರಲಿಲ್ಲ 9, ಎಲ್ಲ ಜಿಕೆ. ತಪ್ಪಾಗಿ ಓದಿದ್ದು 12. ಎರಡರ ನಡುವೆ 6. ಕೊನೆಯ ಗಡಿಬಿಡಿ 4.

ಲೆಕ್ಕದ_ಮೇಷ್ಟ್ರು:
ಆ 12 ನೋಡಿ. ಒಂದು ತಪ್ಪು ಸರಿಯಾದರೆ ಬರೋದು ಒಂದಲ್ಲ, 1.25. ಹನ್ನೆರಡಕ್ಕೆ 15 ಅಂಕ. ಹೊಸದಾಗಿ ಏನನ್ನೂ ಕಲಿಯದೆ!

ಮೇಜಿನಡಿ_ಬೆಕ್ಕು:
ಆದರೆ ತಪ್ಪಾಗಿ ಓದೋದನ್ನು ಸರಿ ಮಾಡೋಕೆ ಏನು ಓದಬೇಕು? ಅದಕ್ಕೆ ಪುಸ್ತಕ ಇಲ್ಲವಲ್ಲ.

ಎರಡನೇ_ಸಲ:
ಪುಸ್ತಕ ಇಲ್ಲ. ಒಂದು ಪ್ಯಾಸೇಜ್ ನಿಧಾನವಾಗಿ ನೋಡೋಣ. ನಾನೇ ಮಾಡಿದ್ದು, ಯಾವ ಪತ್ರಿಕೆಯದೂ ಅಲ್ಲ.

ಪ್ಯಾಸೇಜ್ ಹೀಗೆ ಹೇಳುತ್ತದೆ: ಅಪ್ರಾಪ್ತ ವಯಸ್ಸಿನವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ಆದರೆ ಅವರ ಬದುಕಿಗೆ ತಕ್ಕ ಅಗತ್ಯ ವಸ್ತುಗಳನ್ನು ಯಾರಾದರೂ ಒದಗಿಸಿದರೆ, ಅದರ ಹಣವನ್ನು ಅವರ ಆಸ್ತಿಯಿಂದ ವಸೂಲು ಮಾಡಬಹುದು. (ಇದು 1872ರ ಕರಾರು ಕಾಯ್ದೆಯಲ್ಲಿ ಇರುವ ವಿಷಯವೇ, ಸೆಕ್ಷನ್ 68.) ಪ್ರಶ್ನೆ: ತಂದೆತಾಯಿ ಇಲ್ಲದ 17 ವರ್ಷದ ಹುಡುಗ ಹಾಸ್ಟೆಲ್‌ನಲ್ಲಿದ್ದಾನೆ. ಅಂಗಡಿಯವನು ಚಳಿಗೆ ಬೆಚ್ಚನೆ ಬಟ್ಟೆ ಸಾಲ ಕೊಟ್ಟ. ಹುಡುಗನ ಹೆಸರಲ್ಲಿ ಒಂದು ಮನೆ ಇದೆ. ಈಗ ಏನು? ಒಂದು, ಕರಾರೇ ಇಲ್ಲ, ಅಂಗಡಿಯವನಿಗೆ ಏನೂ ಸಿಗಲ್ಲ. ಎರಡು, 18 ಆದ ಮೇಲೆ ಹುಡುಗ ದುಡಿದು ಕೊಡಬೇಕು. ಮೂರು, ಹುಡುಗನ ಆಸ್ತಿಯಿಂದ ವಸೂಲಾಗುತ್ತದೆ. ನಾಲ್ಕು, ವಾರ್ಡನ್ ಕೊಡಬೇಕು.

ಗೈಡ್ ಉರು ಹೊಡೆದವರು ‘ಅಪ್ರಾಪ್ತ’ ಅಂತ ಕಂಡ ಕೂಡಲೇ ಒಂದನೆಯದಕ್ಕೆ ಗುರುತು ಹಾಕುತ್ತಾರೆ. ‘ಆದರೆ’ ಅನ್ನೋದರ ತನಕ ಓದಿದವರು ಎರಡು ಮತ್ತು ಮೂರರ ನಡುವೆ ನಿಲ್ಲುತ್ತಾರೆ. ಅಲ್ಲಿ ತೀರ್ಮಾನ ಮಾಡೋದು ‘ಆಸ್ತಿಯಿಂದ’ ಅನ್ನುವ ಒಂದೇ ಪದ. ಹುಡುಗ ಸ್ವತಃ ಹೊಣೆ ಅಂತ ಪ್ಯಾಸೇಜ್ ಎಲ್ಲೂ ಹೇಳಿಲ್ಲ. ಉತ್ತರ ಮೂರು.

ದಿನಾ ಎರಡು ಪ್ಯಾಸೇಜ್ ಹೀಗೆ ಮಾಡಿ. ಪ್ರತಿ ಉತ್ತರಕ್ಕೂ ಪ್ಯಾಸೇಜ್‌ನ ಯಾವ ಪದ ಅದನ್ನು ಹೇಳಿತು ಅಂತ ಬೆರಳಿಟ್ಟು ತೋರಿಸಬೇಕು. ಬೆರಳಿಡೋಕೆ ಜಾಗ ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು.

ಕನ್ನಡ_ಮೀಡಿಯಂ:
ಜಿಕೆಗೆ ಮಾತ್ರ ಈ ಬೆರಳಿನ ಉಪಾಯ ನಡೆಯಲ್ಲ. ಅಲ್ಲಿ ಪ್ಯಾಸೇಜ್ ಇದ್ದರೂ ಉತ್ತರ ಹೊರಗೆ ಇರುತ್ತದೆ. ದಿನಾ ಅರ್ಧ ಗಂಟೆ ಬೇಕೇ ಬೇಕು. ನವೆಂಬರ್‌ನಲ್ಲಿ ಒಟ್ಟಿಗೆ ಓದುತ್ತೇನೆ ಅಂದವರು ಯಾರೂ ಓದಿಲ್ಲ, ನಾನೂ ಸೇರಿ. ಗೊತ್ತಿದ್ದರೆ ಮಾತ್ರ ಬೇಗ ಮುಗಿಯುವ ಭಾಗ ಅದು.

ಮೇಜಿನಡಿ_ಬೆಕ್ಕು:
ಹೊಸದಾಗಿ ಬರೆದಿದ್ದೇನೆ, ನೋಡಿ. ಕಾಲೇಜು ದಿನ ಮೂರು ಗಂಟೆ. ಬೆಳಿಗ್ಗೆ 6ರಿಂದ 7 ದಿನಪತ್ರಿಕೆ, ಅದರಲ್ಲೇ ಜಿಕೆ ನೋಟ್ಸ್. ಸಂಜೆ ಎರಡು ಗಂಟೆ: ಲೀಗಲ್ ಎರಡು ಪ್ಯಾಸೇಜ್, ಲಾಜಿಕಲ್ ಅಥವಾ ಇಂಗ್ಲಿಷ್ ಎರಡು, ದಿನ ಬಿಟ್ಟು ದಿನ ಗಣಿತದ ಒಂದು ಸೆಟ್. ಶನಿವಾರ ಐದು ಗಂಟೆ. ಭಾನುವಾರ ಮಾಕ್ ಮತ್ತು ನೋಟ್‌ಬುಕ್. ವಾರಕ್ಕೊಂದರಂತೆ 24 ಮಾಕ್.

ಎರಡನೇ_ಸಲ:
ಚೆನ್ನಾಗಿದೆ, ಆದರೆ ಇನ್ನೂ ಬಿಗಿ. ಬುಧವಾರ ಖಾಲಿ ಬಿಡಿ. ಬಾಕಿ ಇದ್ದರೆ ಅವತ್ತು ತೀರಿಸಿ, ಇಲ್ಲದಿದ್ದರೆ ಆರಾಮಾಗಿರಿ. ಬುಧವಾರವೂ ತೀರದ ಬಾಕಿಯನ್ನು ಹೊಡೆದು ಹಾಕಿ, ಮುಂದಿನ ವಾರಕ್ಕೆ ಎಳೆಯಬೇಡಿ. ನಿಮ್ಮ ಹಳೆ ಹಾಳೆ ಸತ್ತದ್ದು ನೆಗಡಿಯಿಂದಲ್ಲ, ಬಾಕಿಯಿಂದ.

ಜುಲೈ-ಆಗಸ್ಟ್‌ನಲ್ಲಿ 15 ದಿನಕ್ಕೊಂದು ಮಾಕ್ ಸಾಕು. 2020ರಿಂದ 2023ರವರೆಗಿನ ಪತ್ರಿಕೆಗಳಲ್ಲಿ 150 ಪ್ರಶ್ನೆ, ಅವನ್ನು ಈಗ ಬಳಸಿ. 120 ಪ್ರಶ್ನೆಯ ಹೊಸವನ್ನು ಅಕ್ಟೋಬರ್‌ಗೆ ಉಳಿಸಿ. ಸೆಪ್ಟೆಂಬರ್‌ನಿಂದ ವಾರಕ್ಕೊಂದು, ನವೆಂಬರ್‌ನಲ್ಲಿ ಎರಡು. ಮಿಡ್‌ಟರ್ಮ್ ಇರುವ ವಾರ ಬರೀ ದಿನಪತ್ರಿಕೆ ಓದು, ಬೇರೇನೂ ಬೇಡ. ಕೊನೆಯ ವಾರ ಹೊಸ ಮಾಕ್ ಬೇಡ, ನೋಟ್‌ಬುಕ್ ಮಾತ್ರ. ತಿಂಗಳ ಕೊನೆಗೆ ಹಂಚಿಕೆ ಬದಲಿಸಿ. ನೋಟ್‌ಬುಕ್‌ನಲ್ಲಿ ಯಾವ ಕಾರಣದ ತಪ್ಪು ಜಾಸ್ತಿ ಇದೆಯೋ ಮುಂದಿನ ತಿಂಗಳ ಗಂಟೆ ಆ ಕಡೆಗೆ. ಡಿಸೆಂಬರ್‌ವರೆಗಿನದನ್ನು ಜೂನ್‌ನಲ್ಲೇ ಬರೆದಿಡೋಕೆ ಆಗಲ್ಲ.

ಮಗನ_ಅಕೌಂಟಿಂದ:
ಅರ್ಜಿ ಹಾಕೋದನ್ನೂ ಟೈಮ್‌ಟೇಬಲ್‌ನಲ್ಲಿ ಬರೆದುಕೊಳ್ಳಿ. ನಾವು ಕೊನೆಯ ದಿನದವರೆಗೆ ಕಾದು ಜಾತಿ ಪ್ರಮಾಣಪತ್ರಕ್ಕೆ ಓಡಾಡಿದ್ದು ಈಗಲೂ ನೆನಪಿದೆ. ಒಂದು ವಾರದ ಓದು ಅದರಲ್ಲೇ ಹೋಯಿತು.

ಮೇಜಿನಡಿ_ಬೆಕ್ಕು (ಮೂರು ವಾರದ ನಂತರ):
ಎರಡನೇ ಪತ್ರಿಕೆ ಬರೆದೆ. 150 ಪ್ರಶ್ನೆಯದರಲ್ಲಿ ಮೊದಲೇ ಪ್ರತಿ ಭಾಗದಿಂದ ಕೆಲವು ಪ್ಯಾಸೇಜ್ ತೆಗೆದು 120 ಮಾಡಿಕೊಂಡಿದ್ದೆ. 86 ಮುಟ್ಟಿದೆ, 58 ಸರಿ, 28 ತಪ್ಪು. 51. ತಪ್ಪಾಗಿ ಓದಿದ್ದು ಈಗ 7. ಆದರೆ ಎರಡರ ನಡುವಿನದು 6 ಇದ್ದದ್ದು 10 ಆಗಿದೆ!

ಎರಡನೇ_ಸಲ:
ಅದು ಒಳ್ಳೆಯದೇ. ಮೊದಲು ಎರಡರ ನಡುವೆ ನಿಲ್ಲುವ ತನಕವೂ ನೀವು ಓದುತ್ತಿರಲಿಲ್ಲ.

ಮೇಜಿನಡಿ_ಬೆಕ್ಕು:
ಓಹ್. ಹಾಗೆ ಯೋಚಿಸಿರಲಿಲ್ಲ. ಓದುವ ವೇಗ 135ರಿಂದ 150ಕ್ಕೆ ಬಂದಿದೆ ಮೇಷ್ಟ್ರೇ. ಬುಧವಾರ ಮೊದಲ ಸಲ ಏನೂ ಬಾಕಿ ಇರಲಿಲ್ಲ, ಏನು ಮಾಡೋದು ಅಂತ ತಿಳಿಯದೆ ಮಲಗಿಬಿಟ್ಟೆ.

ಒಂದು ಸಣ್ಣ ತೊಂದರೆ. ಪರೀಕ್ಷೆ ಮಧ್ಯಾಹ್ನ 2ರಿಂದ 4. ಅದಕ್ಕೆ ಮಾಕ್ ಕೂಡ ಭಾನುವಾರ ಅದೇ ಹೊತ್ತಿಗೆ ಬರೆಯುತ್ತಿದ್ದೇನೆ. ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಲಾಜಿಕಲ್‌ನಲ್ಲಿ ಒಂದೇ ಸಾಲನ್ನು ನಾಲ್ಕು ಸಲ ಓದಿದೆ.

ಕನ್ನಡ_ಮೀಡಿಯಂ:
ನಾನು ಆ ಹೊತ್ತಿಗೆ ಬೀಳುವ ಹಾಗೆ ಜಿಕೆ ಇಟ್ಟುಕೊಂಡಿದ್ದೆ. ಯಾವ ಭಾಗದಿಂದ ಶುರು ಮಾಡಬೇಕು ಅನ್ನೋದು ನಿಮ್ಮ ಇಷ್ಟ. ಜಿಕೆಗೆ ಜಾಸ್ತಿ ತಲೆ ಓಡಿಸಬೇಕಾಗಿಲ್ಲ. ಗೊತ್ತಿದ್ದರೆ ಗುರುತು, ಇಲ್ಲದಿದ್ದರೆ ಮುಂದಕ್ಕೆ. ಲಾಜಿಕಲ್ ಮೊದಲೇ ಮುಗಿಸಿಬಿಡಿ.

ಮಗನ_ಅಕೌಂಟಿಂದ:
ಓಎಂಆರ್ ಹಾಳೆ (ವೃತ್ತ ತುಂಬುವ ಉತ್ತರ ಹಾಳೆ) ಪ್ರಿಂಟ್ ಹಾಕಿಸಿಕೊಂಡಿದ್ದೀರಾ? ಅಸಲಿ ಪರೀಕ್ಷೆಯಲ್ಲಿ ಪೆನ್ನಿಂದಲೇ ತುಂಬಬೇಕು, ಅಳಿಸೋಕೆ ಆಗಲ್ಲ. ನನ್ನ ಮಗ ಎಲ್ಲ ಮಾಕ್ ಮೊಬೈಲ್‌ನಲ್ಲಿ ಬರೆದು, ಅಲ್ಲಿ ಹೋಗಿ ವೃತ್ತ ತುಂಬೋದರಲ್ಲೇ ಹತ್ತು ನಿಮಿಷ ಕಳೆದ. ಒಂದು ಕಡೆ ಸಾಲು ತಪ್ಪಿ 64ರ ಉತ್ತರ 65ಕ್ಕೆ ಹಾಕಿದ.

ಮೇಜಿನಡಿ_ಬೆಕ್ಕು:
ಇಲ್ಲ ಆಂಟಿ, ಉತ್ತರವನ್ನು ಪುಸ್ತಕದಲ್ಲಿ ಟಿಕ್ ಮಾಡುತ್ತಿದ್ದೆ. ನಾಳೆ 20 ಹಾಳೆ ಪ್ರಿಂಟ್ ಹಾಕಿಸುತ್ತೇನೆ. ಒಂದು ಪ್ಯಾಸೇಜ್ ಮುಗಿದ ತಕ್ಷಣ ಅದರ ವೃತ್ತ ತುಂಬೋದಾ, ಇಲ್ಲ ಕೊನೆಗೆ ಎಲ್ಲ ಒಟ್ಟಿಗಾ?

ಮಗನ_ಅಕೌಂಟಿಂದ:
ಮಗನನ್ನು ಕೇಳಿದೆ. ಪ್ಯಾಸೇಜ್ ಮುಗಿದ ತಕ್ಷಣ ಅಂತೆ. ಕೊನೆಗೆ ಅಂತ ಇಟ್ಟುಕೊಂಡೇ ಅವನು ಕೆಟ್ಟದ್ದು.